ಇನ್ನೂರಕ್ಕೊಂದು

ನನ್ನ ಕೆಲಸ ರಟ್ಟು ಕೊಯ್ಯುವುದು.
ಕುತೈಸಿಯ ಹಳೇ ಚೌಕ, ರಿಯೋನಿ ಹೊಳೆ ಹೊರಳುವಲ್ಲಿ,
ಇನ್ನೂರರಲ್ಲಿ ಒಂದು ಪಾಲಾಗಿ ನನ್ನ ಮೇಜಿನ ಮೇಲಿದೆ:
ಔಷಧಿಯಂಗಡಿ, ಬೀಗ ಬಿದ್ದ ರೇಷ್ಮೆ ಗೋದಾಮು,
ಬೆಂಕಿಕಡ್ಡಿಯ ಬಾಲ್ಕನಿಗಳು.
ನಡುವೆ ಖಾಲಿ. ಅಲ್ಲಿ ಬರಬೇಕು ಸಂಗೀತ ಸಭಾಂಗಣ,
ಎಂಟುನೂರು ಕುರ್ಚಿ, ಊರವರ ದುಡ್ಡು.

ಸಿಯಾಲಾ ಆರು ಸಲ ಬರೆದರು, ಆರು ಸಲ ನಾನು ಕೊಯ್ದೆ.
ಮೊದಲನೆಯದು ಚಿಪ್ಪು, ಎರಡನೆಯದು ಹಡಗು,
ಮೂರನೆಯದನ್ನು ಮೇಯರ್ ಕಚೇರಿ ಮೆಚ್ಚಿತು,
ಅದಕ್ಕೇ ಅವರು ಹರಿದು ಹಾಕಿದರು.
ನನ್ನ ಹೆಬ್ಬೆರಳಲ್ಲಿ ಮೂರು ಗಾಯದ ಗೆರೆ,
ಯಾವುದು ಯಾವ ಚಾವಣಿಯದೆಂದು ಹೇಳಬಲ್ಲೆ.

ಮಾರ್ಚಿನ ಒಂದು ನಸುಕಿನಲ್ಲಿ
ಚೌಕದ ನಡುವೆ ಬಲೂನು ಒಡೆದೆವು, ಮಾರ್ದನಿ ಅಳೆಯಲು.
ಠಪ್.
ಪಾರಿವಾಳ ಎದ್ದವು. ಯಂತ್ರ ಅಂಕಿ ಬರೆಯಿತು.
ಮೂರನೇ ಮಹಡಿಯಿಂದೊಬ್ಬಳು ಹಿಂಡದ ಬಟ್ಟೆ ಹಿಡಿದೇ
ನಮ್ಮ ಏಳು ತಲೆಮಾರು ಜಾಲಾಡಿದಳು.
ಆ ಬೈಗುಳವೂ ಗೋದಾಮಿನ ಗೋಡೆಗೆ ತಾಗಿ ತಿರುಗಿ ಬಂತು,
ಇನ್ನಷ್ಟು ದುಂಡಾಗಿ.
ಸಿಯಾಲಾ ಕಣ್ಣು ಮುಚ್ಚಿ ನಿಂತು ಕೇಳಿದರು:
ಇನ್ನೊಂದು ಸಲ ಬೈಯಮ್ಮ, ದಯವಿಟ್ಟು.

ಚಿನಾರ್ ಮರದಡಿ ನಾಲ್ವರು ಮುದುಕರಿಗೆ
ದಿನವೂ ನಾರ್ದಿ ಆಟ. ದಾಳ ಉರುಳಿಸಿ
ಶೇಷ್-ಬೇಷ್! ಎಂದು ಕೂಗುತ್ತಾರೆ. ಆರು, ಐದು.
ಯಾವುದೋ ದೊರೆಯ ದಂಡು ಬಿಟ್ಟುಹೋದ ಲೆಕ್ಕ;
ದೊರೆಯ ಹೆಸರು ಯಾರಿಗೂ ನೆನಪಿಲ್ಲ.
ನಕ್ಷೆಯ ಪ್ರಕಾರ ಅವರು ಕೂತಿರುವುದು ವೇದಿಕೆಯ ಮೇಲೆ,
ಪಿಯಾನೋ ಬರುವ ಜಾಗದಲ್ಲಿ. ಹೇಳಿದೆ.
ವಾರ್ದೆನ್ ಅಜ್ಜ ದಾಳ ಕುಲುಕುತ್ತ,
‘ಹೌದಾ? ಮತ್ತೆ ನೀನು ಟಿಕೆಟ್ಟು ತಗೊಂಡಿದ್ದೀಯಾ?’

ಆಟ ಮುಗಿದ ಮೇಲೆ, ಸೋತವನ ಸಿಡುಕು ಇಳಿಯಲೆಂದು, ಹಾಡಿದರು.
ಇಬ್ಬರು ಮೇಲೆ, ಜಗಳಕ್ಕೆ ಬಿದ್ದವರಂತೆ,
ಒಬ್ಬ ಬಿಡಿಸುವವನಂತೆ ನಡುವೆ.
ವಾರ್ದೆನ್ ಮಾತ್ರ ಕೆಳಗೆ ಒಂದೇ ಸ್ವರ ಹಿಡಿದು ಕೂತ,
ಇಳಿಜಾರಲ್ಲಿ ತುಂಬಿದ ಗಾಡಿಗೆ
ಬೆನ್ನು ಕೊಟ್ಟು ನಿಂತವನ ಹಾಗೆ.
ಸಿಯಾಲಾ ಪೆನ್ಸಿಲ್ ತೆಗೆಯಲಿಲ್ಲ.

ಏಳನೆಯದರಲ್ಲಿ ಸಭಾಂಗಣ ಹಿಂದೆ ಸರಿದಿದೆ,
ಗೋದಾಮಿನ ಹೊಟ್ಟೆಯೊಳಕ್ಕೆ. ಐನೂರೇ ಕುರ್ಚಿ.
ವೇದಿಕೆಯ ಹಿಂಗೋಡೆ ಪೂರ್ತಿ ಬಾಗಿಲು,
ಬೇಕೆಂದಾಗ ಚೌಕಕ್ಕೆ ತೆರೆಯುತ್ತದೆ.
ಒಪ್ಪುತ್ತಾರೋ ಇಲ್ಲವೋ. ಸೋಮವಾರ ಸಭೆ.

ರಾತ್ರಿ ಮೂರಕ್ಕೆ, ಅಂಟು ಆರುವ ಮೊದಲು,
ಚಿಮುಟದಲ್ಲಿ ನಾಲ್ವರನ್ನೂ ಎತ್ತಿ ಮರದಡಿ ಕೂರಿಸಿದೆ.
ಒಬ್ಬೊಬ್ಬರೂ ಅಕ್ಕಿಕಾಳಿನಷ್ಟು.
ದಾಳ ಆ ಅಳತೆಗೆ ಬಗ್ಗಲಿಲ್ಲ;
ಎರಡು ಹರಳು ಉಪ್ಪು ಹಾಕಿದ್ದೇನೆ, ಕೊಂಚ ದೊಡ್ಡದೇ ಆಯಿತು.
ಮಾದರಿ ಹೊತ್ತು ಮೆಟ್ಟಿಲಿಳಿಯುವಾಗ
ಯಾರೂ ಸೀನಬಾರದು.