ಗೆಣ್ಣು ನೋಡುವುದು

ಭಾದ್ರಪದದ ಬಿಸಿಲು ಇನ್ನೂ ಗೋಡೆ ಹತ್ತಿರಲಿಲ್ಲ.
ಸೋದರಮಾವ ಭೂತಗನ್ನಡಿ ಕೈಗಿಟ್ಟ. ಅವನ ಕಣ್ಣಿಗೆ ಪೊರೆ.
"ಹೊಟ್ಟೆಯೊಳಗಿರೋದನ್ನೇ ಕಂಡೋಳು ನೀನು,
ಹೊರಗಿರೋದು ಕಾಣಲ್ವ? ನೋಡು, ಬೇಗ ನೋಡು."

ಅರಸೀಕೆರೆಯ ರೈಲ್ವೆ ಗೇಟಿನಾಚೆ, ಹಿತ್ತಲು.
ಚೆಂಡುಹೂವಿನ ಎರಡು ಸಾಲು, ತೊಗರಿಯ ಒಂದು,
ಅದರ ಹಿಂದೆ ಒಂಬತ್ತು ಭಂಗಿ ಗಿಡ.
ಕೇಳಿದವರಿಗೆಲ್ಲ ಮಾವ ಪುಂಡಿಸೊಪ್ಪು ಅನ್ನುತ್ತಿದ್ದ.
ಪಕ್ಕದ ಕ್ವಾರ್ಟರ್ಸಿಗೆ ಬಂದ ಗಾರ್ಡಿನ ಹೆಂಡತಿ ರಾಯಚೂರಿನವಳು,
ಪುಂಡಿಪಲ್ಯ ತಿಂದೇ ಬೆಳೆದವಳು.
ಬೇಲಿಯ ಮೇಲಿಂದ ಒಂದೆಲೆ ಕಿತ್ತು ನಾಲಿಗೆಗಿಟ್ಟು
"ಹುಳೀನೇ ಇಲ್ಲಲ್ರೀ ಇದು" ಅಂದು ನಕ್ಕವಳು
ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಮಾವ ತೆಂಗಿನ ಮರದಿಂದ ಬಿದ್ದು ಹನ್ನೊಂದು ವರ್ಷ.
ಸೊಂಟದಲ್ಲಿ ಎರಡು ಸ್ಕ್ರೂ. ರಾತ್ರಿ ಹೊತ್ತು
ಅವು ತಮ್ಮಷ್ಟಕ್ಕೇ ತಿರುಗುತ್ತವೆ ಅನ್ನುತ್ತಾನೆ.
ಗುಳಿಗೆ ನುಂಗಿದರೆ ಹೊಟ್ಟೆ ಉರಿ; ಇದರ ಹೊಗೆಗೆ ಮಾತ್ರ ನಿದ್ದೆ.
ಗಂಡು ಒಂದೇ ಒಂದು ಉಳಿದರೂ ಹೆಣ್ಣೆಲ್ಲ ಬೀಜ ಕಟ್ಟಿ
ಸಪ್ಪೆಯಾಗುತ್ತದಂತೆ. ವರ್ಷದ ನಿದ್ದೆ ಹೋಯಿತು ಅನ್ನು.

ಕೂತೆ. ಎಲೆ ಸರಿಸಿದೆ. ತೊಟ್ಟು ಕಾಂಡಕ್ಕೆ ಸೇರುವ ಗೆಣ್ಣಿನಲ್ಲಿ
ಎರಡು ಬಿಳಿ ಎಳೆ, ಹುಟ್ಟಿದ ಕೂಸಿನ ಹುಬ್ಬಿನಷ್ಟು ತೆಳು:
ಹೆಣ್ಣು.
ಮುಂದಿನದು. ಹೆಣ್ಣು.
ಮೂರನೆಯದರಲ್ಲಿ ಸಾಸಿವೆಗಿಂತ ತುಸು ದಪ್ಪ,
ಪುಟ್ಟ ತೊಟ್ಟಿಗೆ ಜೋತ ಹಸಿರು ಗುಂಡು,
ಮುಚ್ಚಿದ ಮುಷ್ಟಿಯ ಹಾಗೆ.
"ಗಂಡು" ಅಂದೆ. ಅಷ್ಟು ಜೋರಾಗಿ.
ನನ್ನ ದನಿಗೆ ನಾನೇ ಬೆಚ್ಚಿದೆ.

ಹದಿನೆಂಟು ವರ್ಷ ಹಾಸನದ ಸ್ಕ್ಯಾನಿಂಗ್ ಕೋಣೆಯಲ್ಲಿ
ಬಸುರಿಯರ ಹೊಟ್ಟೆಗೆ ತಣ್ಣನೆ ಜೆಲ್ಲು ಹಚ್ಚಿದವಳು ನಾನು.
ಗೋಡೆಯ ಮೇಲೆ ಬೋರ್ಡು: ಇಲ್ಲಿ ಹೇಳುವುದಿಲ್ಲ, ಕೇಳುವುದೂ ಅಪರಾಧ.
ಅತ್ತೆಯರು ಕಾರಿಡಾರಿನಲ್ಲಿ ನನ್ನ ಮುಖ ಓದುತ್ತಿದ್ದರು.
"ಪೇಡಾ ತರ್ಲಾ ಸಿಸ್ಟರ್, ಜಿಲೇಬಿನಾ?"
ಮುಖವನ್ನು ಒರೆಸಿದ ಸ್ಲೇಟು ಮಾಡಿಕೊಂಡೆ.
ಮನೆಗೆ ಬಂದರೂ ಅದು ಹಾಗೇ ಇರುತ್ತಿತ್ತು;
ಗಂಡ, ಪಾಪ, ಸಾರು ಮಾಡಿಟ್ಟು
ಉಪ್ಪು ಸರಿಯಿದೆಯಾ ಅಂತ ಅದರಲ್ಲಿ ಹುಡುಕುತ್ತಿದ್ದ.

ಒಂದು ಸಲ ಮಾತ್ರ.
ಬಾಣಾವರದ ಕಡೆಯವಳು, ದೇವೀರಮ್ಮ, ಎರಡು ಹೆಣ್ಣಿನ ತಾಯಿ.
ಏನೂ ಕೇಳಲಿಲ್ಲ. ಸೆರಗಿನಿಂದ ಜೆಲ್ಲು ಒರೆಸಿಕೊಳ್ಳುತ್ತ
ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ.
ನಾನು ಹೇಳಿದ್ದು ಅಷ್ಟೇ.
ಏಳನೇ ತಿಂಗಳ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅವಳು ಬರಲಿಲ್ಲ.

"ಕೀಳು" ಅಂದ ಮಾವ. ಅವನು ಬಗ್ಗಲಾರ; ನಾನೇ ಕಿತ್ತೆ.
ಬೇರು ಸಲೀಸಾಗಿ ಬಂತು, ಮಣ್ಣಿನ ಸಮೇತ.
ಒಂದು ಎರೆಹುಳ ಬೆಳಕಿಗೆ ಬಿದ್ದು ಒದ್ದಾಡಿತು.
ಐದನೆಯದೂ ಗಂಡು. ಕಿತ್ತೆ.
ಇಲ್ಲಿ ಬೆಳೆದದ್ದೇ ಅಪರಾಧ, ಹೇಳುವುದು ಉಪಕಾರ.
ಇಲ್ಲಿ ಹೆಣ್ಣು ಅಂದರೆ ಮಾವನ ಮುಖ ಅರಳುತ್ತದೆ.
ಅಂಥ ಮುಖ ಆ ಕಾರಿಡಾರಿನಲ್ಲಿ ಎಷ್ಟು ಕಂಡಿದ್ದೆ?
ಎಣಿಸಲು ಹೋಗಿ ಒಂದು ಬೆರಳಿಗೇ ನಿಲ್ಲಿಸಿದೆ.

ಎಂಟನೆಯದು ಗಿಡ್ಡ, ತೊಗರಿಯ ನೆರಳಿಗೆ ಬಡಕಲು.
ಎಲೆಯ ಬೆನ್ನಿಗೆ ಅಡಗಿ ಕೂತ ಒಂದೇ ಒಂದು ಗುಂಡು.
ನೋಡಿದೆ. ಗಾಜು ತೆಗೆದು ಬರಿಗಣ್ಣಲ್ಲೂ ನೋಡಿದೆ.
ಮಾವ ನನ್ನ ಮುಖ ನೋಡುತ್ತಿದ್ದ.
ಎಲ್ಲಿತ್ತೋ ಆ ಹಳೆಯ ಸ್ಲೇಟು, ತಾನಾಗಿ ಬಂದು ಕೂತಿತು.
"ಇನ್ನೂ ತಿಳೀತಿಲ್ಲ ಮಾವ. ಒಂದು ವಾರ ಬಿಡು."
ಆ ವಾರ ನನಗೆ ಜ್ವರ ಅಂದೆ. ಅದರ ಮುಂದಿನ ವಾರ ಮಳೆ.

ಕಾರ್ತಿಕದಲ್ಲಿ ಒಣಗಿದ ತೆನೆ ಉಜ್ಜಿದರೆ
ಹಳೇ ಪೇಪರಿನ ಮೇಲೆ ಟಕಟಕ ಬೀಜ.
ಮಾವ ಬೈದ, ಗಾಳಿಗೆ, ಗಾರ್ಡಿನ ಹೆಂಡತಿಗೆ, ಭೂತಗನ್ನಡಿಗೆ.
ನನ್ನನ್ನು ಮಾತ್ರ ಬೈಯಲಿಲ್ಲ.
ಬೀಜಗಳನ್ನು ಬೆಂಕಿಪೊಟ್ಟಣಕ್ಕೆ ತುಂಬಿ ಮಾಡದಲ್ಲಿಟ್ಟ.

ನಡುರಾತ್ರಿಯ ಗೂಡ್ಸ್ ಗಾಡಿ ಹೋದ ಮೇಲೂ ಎದ್ದೇ ಇದ್ದ.
ಎಣ್ಣೆ ಬಿಸಿ ಮಾಡಿ ಅವನ ಸೊಂಟಕ್ಕೆ ಹಚ್ಚಿದೆ,
ತಣ್ಣಗಿರಬಾರದು ಅಂತ
ಮೊದಲು ಅಂಗೈ ಉಜ್ಜಿಕೊಂಡು.