ಎದೆಗೆ ತಾಗಿದ ಬದಿ

ಮತ್ರಾ ಸೂಕಿನ ಮೂರನೇ ತಿರುವು, ಲೋಬಾನದ ಅಂಗಡಿ ದಾಟಿ
ಎಡಕ್ಕೆ ನಾಲ್ಕು ಹೆಜ್ಜೆ.
ಇಪ್ಪತ್ತೆರಡು ವರ್ಷದಿಂದ ಅಲ್ಲಿ
ಒಬ್ಬ ರಾಣಿಯ ಮುಖ ನೋಡುತ್ತ ಕೂತಿದ್ದೇನೆ.
ತಾಲರಿನ ರಾಣಿ. ದಪ್ಪ ಗಲ್ಲದ ವಿಧವೆ.
ಹಿಮದ ಊರಿನವಳು, ಮರಳಿಗೆ ಬಂದು ಚಲಾವಣೆಯಾದವಳು.

ಅಂಚು ಹಿಡಿ, ಅಂದಿದ್ದರು ಯಜಮಾನ ಅಬ್ದುಲ್ ರಿದಾ, ಮೊದಲ ದಿನ.
ಬೆರಳಿನ ಬೆವರು ಬೆಳ್ಳಿಗೆ ಬರೆ.
ದೀಪ ಅಲ್ಲೇ ಇರಲಿ, ನಾಣ್ಯವನ್ನು ಓರೆ ಮಾಡು.
ಬೆಳಕು ಗಾಲಿಯ ಹಾಗೆ ಸುತ್ತಿ ಓಡಿದರೆ
ಅದು ಟಂಕಸಾಲೆಯ ಹೊಳಪು,
ನಿಂತಲ್ಲೇ ಮಿಂಚಿದರೆ ಯಾರೋ ಉಜ್ಜಿದ್ದು.
ಮೊದಲು ಸವೆಯುವುದು ಎತ್ತರದ್ದು:
ಕಿವಿಯ ಮೇಲಿನ ಕೂದಲು, ಭುಜದ ಪದಕ.
ತಗ್ಗಿನಲ್ಲಿದ್ದದ್ದು ತಡೆಯುತ್ತದೆ.
ತಲೆಯ ಪಟ್ಟಿಯಲ್ಲಿ ಒಂಬತ್ತು ಮುತ್ತು, ಎಣಿಸು.
ಮುತ್ತಿಗೆ ಮುಳುಗುತ್ತಿದ್ದ ದಂಡೆಯ ಜನ
ಮುತ್ತು ಎಣಿಸಿಯೇ ನಂಬುತ್ತಿದ್ದರಂತೆ.

ಎಲ್ಲದರ ಮೇಲೂ ಒಂದೇ ಇಸವಿ,
ಸಾವಿರದ ಏಳುನೂರ ಎಂಬತ್ತು.
ಮೊನ್ನೆ ಮೊನ್ನೆ ಒತ್ತಿದ್ದಕ್ಕೂ ಅದೇ.
ನನಗೆ ನಗು ಬಂತು:
ನಮ್ಮ ರೂಮಿನ ಆರು ಪಾಸ್‌ಪೋರ್ಟಿನಲ್ಲಿ
ನಾಲ್ವರು ಜೂನ್ ಒಂದಕ್ಕೆ ಹುಟ್ಟಿದವರು.
ನನ್ನದು ಉಪ್ಪುಂದ ಶಾಲೆಯ ಹೆಡ್‌ಮಾಸ್ತರು
ಅಡ್ಮಿಷನ್ ದಿನ ಒತ್ತಿದ ಅಚ್ಚು.

ಆ ವರ್ಷ, ದೀಪಾವಳಿ ಹತ್ತಿರ ಬಂತೆಂದು,
ಅಮ್ಮ ದೀಪ ತಿಕ್ಕುವ ಹಾಗೆ
ಹನ್ನೊಂದು ನಾಣ್ಯ ಹುಣಸೆಹುಳಿಯಲ್ಲಿ ತಿಕ್ಕಿಟ್ಟೆ.
ಯಜಮಾನರು ಬಯ್ಯಲಿಲ್ಲ. ಒಂದನ್ನು ಮೂಸಿ ನೋಡಿ
"ಇವಕ್ಕೆ ಇನ್ನು ವಯಸ್ಸಿಲ್ಲ" ಅಂದು
ತಕ್ಕಡಿಗೆ ಸುರಿದರು, ಬರೀ ಬೆಳ್ಳಿಯ ತೂಕಕ್ಕೆ.

ದರ್ಜೆ ಲೆಕ್ಕ, ಮಾರಾಯ್ರೇ, ಯಾರೂ ಕಲಿಯಬಹುದು.
ಆದರೆ ಒಂದೇ ದರ್ಜೆಯ ಎರಡನ್ನು ಪಕ್ಕಪಕ್ಕ ಇಡಿ,
ಒಂದರ ಮೇಲೆ ಕಣ್ಣು ಕೂರುತ್ತದೆ, ಇನ್ನೊಂದರಿಂದ ಜಾರುತ್ತದೆ.
ಕಾಗದ ಸುತ್ತಿ ಪೆಟ್ಟಿಗೆಯ ತಳದಲ್ಲಿ ಮಲಗಿದ್ದಕ್ಕೆ
ಅಂಚಿನಲ್ಲಿ ನೇರಳೆ, ಒಳಗೆ ಜೇನು, ನಡುವೆ ಬೂದಿ.
ಅದಕ್ಕೆ ಕೋಷ್ಟಕವಿಲ್ಲ.
ಈಗ ಯಜಮಾನರ ಕಣ್ಣಿಗೆ ಪೊರೆ.
ನೋಡುವವನು ನಾನು, ಕೇಳುವವರು ಅವರು:
"ದರ್ಜೆ ಇರಲಿ, ಕಣ್ಣಿಗೆ ಹಿಡಿಸಿತೇ?"

ಪ್ರವಾಸಿಗಳ ಹಡಗು ಹೊರಟುಹೋದ ಮಂಗಳವಾರ
ಇಬ್ರಾದ ಕಡೆಯ ಶಮ್ಸಾ ಎಂಬ ಹೆಂಗಸು
ಕರ್ಚೀಫಿನ ಗಂಟು ಬಿಚ್ಚಿ ಒಂದೇ ಒಂದು ಇಟ್ಟಳು.
ಅಜ್ಜಿಯ ಕೊರಳಿನ ಸರದ್ದು.
ಹದ್ದಿನ ಬದಿಯಲ್ಲಿ ಗರಿಗರಿ ಎಣಿಸಬಹುದು.
ತಿರುಗಿಸಿದರೆ
ರಾಣಿಯೇ ಇಲ್ಲ.
ಒಂಬತ್ತರಲ್ಲಿ ಒಂದು ಮುತ್ತೂ ಇಲ್ಲ.
ಮುಗಿಯುತ್ತ ಬಂದ ಸಾಬೂನಿನ ಬಿಲ್ಲೆಯ ನುಣುಪು,
ನೆತ್ತಿಯಲ್ಲಿ ಕೊಂಡಿ ಕಿತ್ತ ಬೆಸುಗೆಯ ಕಲೆ.

"ಹೇಳು."
"ದರ್ಜೆ ಇಲ್ಲ. ಬೆಸುಗೆ ಇದೆ. ಬೆಳ್ಳಿಯ ರೇಟು, ಅಷ್ಟೇ."

ಅವರು ಆ ನುಣುಪಿನ ಮೇಲೆ ಹೆಬ್ಬೆರಳಿಟ್ಟು
ತುಂಬ ಹೊತ್ತು ಅಲುಗಿಸಲಿಲ್ಲ.
(ನನಗೆ ಅಂಚು ಹಿಡಿಯಲು ಕಲಿಸಿದ ಕೈ ಅದು.)
"ಸಂತೆಯಲ್ಲಿ ತಿರುಗಿದ್ದು ಎರಡೂ ಬದಿ ಸವೆಯುತ್ತದೆ" ಅಂದರು.
ಆಮೇಲೆ ಅರಬ್ಬಿಯಲ್ಲಿ, ಅವಳ ಕಡೆಗೆ:
"ಅಜ್ಜಿಗೆ ಎಷ್ಟು ಮಕ್ಕಳು?"
"ಹನ್ನೊಂದು. ಉಳಿದದ್ದು ಏಳು."
ನಾನು ಹೇಳಿದ್ದರ ಎರಡರಷ್ಟು ಎಣಿಸಿ ಕೊಟ್ಟರು.
ಕಣ್ಣಿಗೆ ಹಿಡಿಸಿತೇ ಎಂದು
ಅವತ್ತು ಮಾತ್ರ ಕೇಳಲಿಲ್ಲ.

ಈಗ ಅದು ಗಾಜಿನ ಕೆಳಗೆ, ಎರಡನೇ ಸಾಲಿನಲ್ಲಿದೆ.
ರಟ್ಟಿನ ಚೌಕದ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಬೆಸುಗೆ ಇದೆ. ತೊಳೆದದ್ದಲ್ಲ.
ದರ್ಜೆಯ ಜಾಗ ಖಾಲಿ.
ಹಗಲಿಗೆ ಹದ್ದು ಮೇಲೆ, ವ್ಯಾಪಾರ ವ್ಯಾಪಾರವೇ.
ರಾತ್ರಿ ಬಾಗಿಲು ಹಾಕುವಾಗ
ಯಜಮಾನರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ
ಅವರಿಗೆ ಬೆನ್ನು ಮಾಡಿ
ಮೆಲ್ಲಗೆ ಮಗುಚಿಡುತ್ತೇನೆ.

ಎರಡು ಸಲ ಗಿರಾಕಿ ಬಂದ.
ಎರಡು ಸಲವೂ ನಾನು ಬೆಲೆ ಏರಿಸಿದೆ.
ಯಜಮಾನರು ಕೇಳಿಸಿಕೊಂಡರು, ಏನೂ ಅನ್ನಲಿಲ್ಲ,
ಹುಡುಗನನ್ನು ಕೂಗಿ
ಮೂವರಿಗೂ ಚಹಾ ಹೇಳಿದರು.