ಶಾಯಿ ಹಚ್ಚಿದವಳ ಲೆಕ್ಕ

ಭದ್ರಾವತಿ, ಪೇಪರ್ ಟೌನಿನ ಶಾಲೆ, ಎರಡನೇ ಕೊಠಡಿ.
ಗೋಡೆಗೆ ಮಗ್ಗಿ, ಅದರ ಕೆಳಗೆ ನಾನು, ಶಾಯಿ ಬಾಟಲಿ.

ಈ ಸಲ ಅಲೆ ಇದೆ ಅಂದಿದ್ದರು:
ಕ್ಯಾಂಟೀನಿನಲ್ಲಿ ಸಾರು ಬಡಿಸುತ್ತಿದ್ದ ಫ್ಲೋಮಿನಾ
ಯಾವ ಪಕ್ಷವೂ ಬೇಡವೆಂದು ನಿಂತಿದ್ದಾಳೆ.
ಒಲೆ ಕೇಳಿದರೆ ಇಸ್ತ್ರಿಪೆಟ್ಟಿಗೆ ಕೊಟ್ಟರಂತೆ, ಗುರುತಿಗೆ.
"ಆಗಲಿ, ಸುಕ್ಕು ತೆಗೆಯೋಣ" ಅಂದಳಂತೆ.

ಒಂಬತ್ತಕ್ಕೆ ಶೇಕಡಾ ಎಂಟು. ಹನ್ನೊಂದಕ್ಕೆ ಇಪ್ಪತ್ತು.
"ಅಲೆ ಎಲ್ಲಿ ಮೇಡಂ?" ಫೋನಿನಲ್ಲಿ ಸೆಕ್ಟರ್ ಆಫೀಸರ್.
ಚಿತ್ರಾನ್ನ ಆರಿತು. ಬಂದವರು ಹೋದ ಸಲ ಬಂದವರೇ,
ಬೆರಳು ನೋಡಿದರೆ ಗೊತ್ತಾಗುತ್ತದೆ ನನಗೆ:
ತುದಿಯಿಲ್ಲದ್ದು ಕಟಿಂಗ್ ಸೆಕ್ಷನ್ನಿನ ಸೆಲ್ವರಾಜನದು.

ಸಂಜೆ ಕೂಡಿದರೆ ಶೇಕಡಾ ಆರು ಜಾಸ್ತಿ!
ಗೇಟಿನಾಚೆ ಪಟಾಕಿ. ಊರನ್ನೇ ಎಬ್ಬಿಸಿದಳು ಫ್ಲೋಮಿನಾ, ಎಂಬ ಕೂಗು.
ನಾನು ಪಟ್ಟಿ ತಿರುವಿದೆ.
ಕ್ವಾರ್ಟರ್ಸ್ ಬಿಟ್ಟುಹೋದವರು, ಸತ್ತವರು,
ಎಪ್ಪತ್ತೆಂಟು ಹೆಸರು ಹೊಡೆದುಹಾಕಿದ್ದಾರೆ ಈ ಸಲ.
ಭಾಜಕ ಸಣ್ಣದಾದರೆ ಭಾಗಲಬ್ಧ ತಾನೇ ಉಬ್ಬುತ್ತದೆ,
ಐದನೇ ಕ್ಲಾಸಿಗೆ ಇದೇ ಕೋಣೆಯಲ್ಲಿ ಹೇಳುತ್ತೇನೆ.
ಹೋದ ಸಲ ಐನೂರ ಅರವತ್ತು ಮತ.
ಈ ಸಲ ಐನೂರ ಅರವತ್ತೊಂದು.

ಆ ಒಂದು,
ಆರಕ್ಕೆ ಹತ್ತು ನಿಮಿಷವಿರುವಾಗ ಬಂದ ಕಾಶಮ್ಮ.
ಮಿಲ್ಲಿನ ಅಂಗಳ ಗುಡಿಸುತ್ತಿದ್ದಳು, ವಯಸ್ಸು ಐವತ್ತೆಂಟು.
ಬಲಗೈ ಚಾಚಿದಳು. ಎಡದ್ದು ಕೊಡಮ್ಮ ಅಂದೆ.
"ಉಜ್ಜಿದ್ರೆ ಹೋಗ್ತದಾ?"
ಇಲ್ಲ.
"ಹಂಗಾರೆ ಸರಿ."
ಫ್ಲೋಮಿನಾಳನ್ನು ಗೆಲ್ಲಿಸಲು ಬಂದಳೋ, ಸೋಲಿಸಲೋ,
ರಟ್ಟಿನ ಮರೆ ಬಾಯಿಬಿಡಲಿಲ್ಲ.

ಬಾಟಲಿ ಮುಚ್ಚುವಾಗ ನನ್ನ ಹೆಬ್ಬೆರಳಿಗೂ ಹತ್ತಿತು ಕಪ್ಪು.
ನನ್ನ ಅಂಚೆ ಮತದ ಲಕೋಟೆ
ಇನ್ನೂ ಚೀಲದಲ್ಲೇ ಇತ್ತು, ಅಂಟಿಸದೆ.